ಅಳಿಸಲು ಒಪ್ಪದ ಶಶಿರೇಖಮ್ಮ

ಶಶಿರೇಖಮ್ಮನವರು ಯಾವ ಮಾತನ್ನೂ ಕೇಳಿದ ಮಾತ್ರಕ್ಕೆ ನಂಬುತ್ತಿರಲಿಲ್ಲ; ಹಾಗೆಂದು ಯಾರ ಮಾತನ್ನೂ ಸುಳ್ಳೆಂದು ತಳ್ಳಿಹಾಕುತ್ತಲೂ ಇರಲಿಲ್ಲ. ಎದುರಿನವರು ಹೇಳುವಷ್ಟನ್ನೂ ಕತ್ತು ತುಸು ಎಡಕ್ಕೆ ವಾಲಿಸಿಕೊಂಡು ಕೇಳಿ, ಮುಗಿದ ಮೇಲೆ ಕ್ಷಣಕಾಲ ಸುಮ್ಮನಿದ್ದು, ಆಮೇಲೆ ಮೆತ್ತಗೆ "ಒಂದ್ಸಲ ನೋಡ್ಬಿಡಣ" ಎನ್ನುವರು. ತರಕಾರಿಯವನು ಬದನೆಕಾಯಿ ಎಳೆಯದೆಂದರೂ ಅದೇ ಮಾತು, ಡಾಕ್ಟರು ಭಯಪಡುವಂಥದ್ದೇನೂ ಇಲ್ಲವೆಂದರೂ ಅದೇ ಮಾತು, ಪಕ್ಕದ ಬೀದಿಯವರು ಬಂದು ಇಂಥವರ ಮಗಳು ಇಂಥವನೊಡನೆ ಓಡಿಹೋದಳಂತೆ ಎಂದು ಪಿಸುಗುಟ್ಟಿದರೂ ಅದೇ ಮಾತು. ಈ ಕಾರಣದಿಂದ ಊರಿನಲ್ಲಿ ಅವರಿಗೆ ಸುದ್ದಿ ತಂದು ಮುಟ್ಟಿಸುವವರು ಕಡಿಮೆ. ಸುದ್ದಿಯ ಸ್ವಾರಸ್ಯವೆಲ್ಲ ನೋಡುವುದಕ್ಕೆ ಮುಂಚೆಯೇ ಮುಗಿಯುವಂಥದ್ದಲ್ಲವೇ.

ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಅವರು ತಪಾಸಣೆ ವಿಭಾಗದ ಮೇಲ್ವಿಚಾರಕಿ. ಕಾರ್ಖಾನೆ ಕೊಟ್ಟ ನೀಲಿ ಕೋಟನ್ನು ಸೀರೆಯ ಮೇಲೆ ತೊಟ್ಟರೆಂದರೆ ರಜೆಯ ದಿನವೂ ಬಿಚ್ಚುತ್ತಿರಲಿಲ್ಲ. ಹಬ್ಬದ ದಿನ ಹೋಳಿಗೆ ತಟ್ಟುವಾಗಲೂ ಆ ಕೋಟು ಮೈಮೇಲಿರುತ್ತಿತ್ತು. ಕೇಳಿದವರಿಗೆ, ಸೀರೆಗೆ ಜೇಬಿಲ್ಲವಲ್ಲ ಎಂದಷ್ಟೇ ಹೇಳುತ್ತಿದ್ದರು. ಆ ಜೇಬುಗಳಲ್ಲಿ ಬೀಗದ ಕೈ, ಫೋನು, ದಾರ ಕತ್ತರಿಸುವ ಪುಟ್ಟ ಕತ್ತರಿ, ಗುರುತು ಹಾಕುವ ಸೀಮೆಸುಣ್ಣ, ಒಂದಿಷ್ಟು ಹುರಿಗಡಲೆ ಸದಾ ವಾಸವಾಗಿದ್ದವು. ನಡೆಯುವಾಗ ನೆರಿಗೆಯನ್ನು ಎಡಗೈಯಲ್ಲಿ ಅಂಗೈಯಗಲ ಎತ್ತಿ ಹಿಡಿದು, ಒಣನೆಲದಲ್ಲೂ ಕೆಸರನ್ನು ದಾಟುವವರಂತೆ ದಾಪುಗಾಲಿಡುತ್ತಿದ್ದರು. ಪಾಳಿ ಮುಗಿಸಿ ಕಂಪನಿಯ ಬಸ್ಸಿನಿಂದ ಇಳಿದು ಬರುವ ಹೆಂಗಸರ ಗುಂಪಿನಲ್ಲಿ, ಎಷ್ಟೇ ದೂರದಿಂದಲೂ, ಅವರನ್ನು ಆ ನಡಿಗೆಯಿಂದಲೇ ಗುರುತಿಸಬಹುದಿತ್ತು.

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಾಗ, ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿ ದಶಕವೇ ಸಂದಿತ್ತು. ತಲೆಯ ಮೇಲೆ ಅವು ಹಾದುಹೋಗುವಾಗ ನಾನು ಪುಸ್ತಕದಿಂದ ಕಣ್ಣೆತ್ತುತ್ತಿದ್ದೆ. ಊರಿನವರು ಮಾತನ್ನು ಅಲ್ಲಿಗೇ ನಿಲ್ಲಿಸಿ, ಸದ್ದು ಕಳೆದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ಕೆಳಮನೆಯಲ್ಲಿ ಶಶಿರೇಖಮ್ಮ ಮತ್ತು ಅವರ ತಾಯಿ ಮುನಿವೆಂಕಟಮ್ಮ. ಗಂಡ ತೀರಿಕೊಂಡ ಮೇಲೆ ಶಶಿರೇಖಮ್ಮ ತವರೂರಿಗೇ ಬಂದು ಈ ಮನೆ ಕಟ್ಟಿಸಿದ್ದರು. ಅವರ ತಮ್ಮ ಮುನಿರಾಜ ಹೆಂಡತಿ ಮಕ್ಕಳೊಂದಿಗೆ ಕೆಳಬೀದಿಯಲ್ಲಿದ್ದ. ವಿಮಾನ ನಿಲ್ದಾಣಕ್ಕೆ ಸ್ವಂತ ಬಿಳಿ ಟ್ಯಾಕ್ಸಿ ಓಡಿಸುತ್ತಿದ್ದ. ನಗುಮುಖದ, ಧಾರಾಳ ಮನಸ್ಸಿನ ಆಳು. ಅಕ್ಕ ಪಾಳಿಗೆ ಹೋದಾಗಲೆಲ್ಲ ಬಂದು ತಾಯಿಯನ್ನು ವಿಚಾರಿಸಿ, ನನ್ನನ್ನೂ ಕೂಗಿ ಮಾತಾಡಿಸಿ ಹೋಗುತ್ತಿದ್ದ.

ಮಗಳ ಸ್ವಭಾವವನ್ನು ಕುರಿತು ಮುನಿವೆಂಕಟಮ್ಮನವರು ನನಗೆ ಹೇಳಿದ ಕಥೆಗಳು ಅನೇಕ. ಶಿವಗಂಗೆಯ ಗುಹೆಯ ಗುಡಿಯಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬ ಪ್ರತೀತಿ ಉಂಟಷ್ಟೆ. ಲಂಗದ ವಯಸ್ಸಿನ ಶಶಿರೇಖೆ, ಹಿಂದೆ ಜನ ನೂಕುತ್ತಿದ್ದರೂ ಗರ್ಭಗುಡಿಯ ಕಂಬಿ ಹಿಡಿದು ನಿಂತು, ತಾವು ಒಯ್ದ ತುಪ್ಪ ತನ್ನ ಕಣ್ಣೆದುರಿಗೇ ಬೆಳ್ಳಗಾಗುವವರೆಗೆ ಕದಲಲಿಲ್ಲವಂತೆ. ಆದಮೇಲೆ ಯಾರೂ ಹೇಳದೆ ಉದ್ದಂಡ ನಮಸ್ಕಾರ ಹಾಕಿದಳಂತೆ. ಇನ್ನೊಂದು ಕಥೆ ಅಷ್ಟು ಹಗುರದ್ದಲ್ಲ. ವಿಮಾನ ನಿಲ್ದಾಣದ ಕಡೆಗೆ ರಸ್ತೆ ಅಗಲ ಮಾಡಲು ಜಮೀನು ಅಳೆಯುವ ಹೊತ್ತಿಗೆ, ಇವರ ದ್ರಾಕ್ಷಿ ತೋಟದ ಮೂಲೆಯ ಗಡಿಕಲ್ಲು ಪಕ್ಕದವರ ಹೊಲದೊಳಕ್ಕೆ ಸರಿದಿತ್ತು. ಸರಿಸಿದವರು ಯಾರೆಂದು ಯಾರೂ ಹೇಳಲಿಲ್ಲ. ಆಗಷ್ಟೇ ಮದುವೆಯಾಗಿದ್ದ ಮಗಳು ಅಳತೆಯವರ ಮುಂದೆ ಹೋಗಿ, ಕಲ್ಲು ಮೊದಲು ಹುಣಸೆಮರದ ಬುಡದಲ್ಲಿತ್ತು, ಗುಂಡಿ ಇನ್ನೂ ಇದೆ, ನೋಡಿ ಎಂದು ತೋರಿಸಿಬಿಟ್ಟಳು. ತಂದೆ ಅಪ್ಪಯ್ಯಣ್ಣನವರು ಒಂದು ಬೆಳೆ ಬಂದು ಹೋಗುವವರೆಗೆ ಮಗಳ ಜೊತೆ ಮಾತಾಡಲಿಲ್ಲ. ಇದನ್ನು ಹೇಳುವಾಗ ಮುನಿವೆಂಕಟಮ್ಮನವರ ದನಿಯಲ್ಲಿ ಹೆಮ್ಮೆಯೂ ದೂರೂ ಬೇರೆಬೇರೆಯಾಗಿರಲಿಲ್ಲ.

ಬೋರ್‌ವೆಲ್ಲಿನ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋದ ವರ್ಷ ಆ ಮನೆಯ ಗೇಟಿನ ಮೇಲೆ ಕ್ಯಾಮೆರಾ ಬಂತು. ದೊಡ್ಡಬಳ್ಳಾಪುರದಲ್ಲಿ ಅಂಗಡಿ ಇಟ್ಟಿದ್ದ ಗೋಪಾಲಪ್ಪ ಬಂದು ಕೂರಿಸಿಕೊಟ್ಟ. ಗೇಟು, ಅದರಾಚೆಯ ರಸ್ತೆ, ಡೈರಿಯ ಕಡೆಗೆ ಹೋಗುವ ತಿರುವು, ಇಷ್ಟೂ ಅದರ ಕಣ್ಣಿಗೆ ಬೀಳುತ್ತಿದ್ದವು. ಕಂಡದ್ದೆಲ್ಲ ಅದರ ಹೊಟ್ಟೆಯೊಳಗಿನ ಉಗುರಿನಷ್ಟು ಕಾರ್ಡಿನಲ್ಲಿ ಉಳಿಯುತ್ತಿತ್ತು. ಬೇಕೆಂದಾಗ ಫೋನಿನಲ್ಲಿ ನೋಡಬಹುದಿತ್ತು.

ಕಾರ್ತಿಕದ ಮಂಜಿನ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿನಲ್ಲಿ, ಸೈಕಲ್ಲಿನ ಮೇಲೆ ಡೈರಿಗೆ ಹಾಲು ಒಯ್ಯುತ್ತಿದ್ದ ಪಿಳ್ಳಣ್ಣನೆಂಬ ವೃದ್ಧನಿಗೆ ಆ ತಿರುವಿನಲ್ಲಿ ಯಾವುದೋ ವಾಹನ ಬಡಿಯಿತು. ಶಶಿರೇಖಮ್ಮ ಆಗ ಪಾಳಿಯಲ್ಲಿದ್ದರು. ನಾನು ನಮ್ಮೂರಿಗೆ ಹೋಗಿದ್ದೆ. ಹಿತ್ತಲಲ್ಲಿ ನೀರೊಲೆ ಹಚ್ಚುತ್ತಿದ್ದ ಮುನಿವೆಂಕಟಮ್ಮ ತಮಗೇನೂ ಕೇಳಿಸಲಿಲ್ಲವೆಂದರು. ಜನ ನೆರೆಯುವ ಹೊತ್ತಿಗೆ, ಕಾರ್ಖಾನೆಗೆ ಹೊರಟಿದ್ದ ಮೂರ್ತಿಯೆಂಬ ಯುವಕ ಬೈಕನ್ನು ರಸ್ತೆಯಂಚಿಗೆ ಕೆಡವಿ, ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಡ ವಾಹನಕ್ಕೆಲ್ಲ ಕೈಯೊಡ್ಡುತ್ತಿದ್ದ. ಹಾಲಿನ ಟೆಂಪೋ ಒಂದನ್ನು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದವನೂ ಅವನೇ. ಪಿಳ್ಳಣ್ಣನಿಗೆ ಜೀವವಿತ್ತು, ಪ್ರಜ್ಞೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರು ತನ್ನ ತೀರ್ಪು ಬರೆದಿತ್ತು: ಮೂರ್ತಿಯ ಬೈಕಿನ ದೀಪ ಒಡೆದಿದೆ, ಅಂಗಿಯ ತುಂಬ ರಕ್ತ, ತಾನು ಗುದ್ದದೆ ಯಾವನಾದರೂ ಅಷ್ಟು ಕಕ್ಕುಲಾತಿಯಿಂದ ಎತ್ತಿಕೊಂಡು ಓಡುತ್ತಾನೆಯೇ? ಪೊಲೀಸರು ಬೈಕನ್ನು ಎಳೆದೊಯ್ದರು. ಮೂರ್ತಿಯನ್ನು ದಿನವೂ ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸತೊಡಗಿದರು. ಇನ್ನೇನು ಬಂಧಿಸುತ್ತಾರೆಂಬ ಮಾತು ಹಬ್ಬಿತು.

ಕ್ಯಾಮೆರಾ ಕೇಳಿಕೊಂಡು ಪೇದೆಯೊಬ್ಬ ಬರದೆ ಇರಲಿಲ್ಲ. ಶಶಿರೇಖಮ್ಮ ಅವನೆದುರಿಗೇ ಫೋನು ತೆರೆದರು. ಆ ಕ್ಷಣದ ರಸ್ತೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಳೆಯದನ್ನು ಕೇಳಿದರೆ ಮಾತ್ರ, ಕಾರ್ಡನ್ನು ಓದಲಾಗುತ್ತಿಲ್ಲ, ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಲೇ ಎಂಬ ಪ್ರಶ್ನೆ ಮೂಡುತ್ತಿತ್ತು. ಕೆಳಗೆ 'ಸರಿ' ಎಂಬ ಹಸಿರು ಗುಂಡಿ. ಪೇದೆ ರೆಕಾರ್ಡಿಂಗ್ ಲಭ್ಯವಿಲ್ಲವೆಂದು ಬರೆದುಕೊಂಡು ಹೋದ. ಗೋಪಾಲಪ್ಪನಿಗೆ ಫೋನು ಮಾಡಿದಾಗ ತಿಳಿದದ್ದು ಇಷ್ಟು: ಭಾನುವಾರ ಹಗಲು ಕ್ಯಾಮೆರಾ ಕಂಪನಿಯವರು ಅದರೊಳಗಿನ ಫರ್ಮ್‌ವೇರನ್ನು, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶವನ್ನು, ಇಂಟರ್ನೆಟ್ಟಿನ ಮೂಲಕ ತಾವಾಗಿಯೇ ಬದಲಿಸಿದ್ದಾರೆ; ಹೊಸದಕ್ಕೆ ಹಳೆಯ ಕಾರ್ಡಿನ ಬರಹ ಅರ್ಥವಾಗುತ್ತಿಲ್ಲ; ಎಲ್ಲರಿಗೂ ಹೀಗೇ ಆಗಿದೆ; ಹಸಿರು ಗುಂಡಿ ಒತ್ತಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಒತ್ತಿದರೆ ಹಳೆಯದು ಉಳಿಯುತ್ತದೆಯೇ ಎಂದು ಇವರು ಕೇಳಿದರು. ಉಳಿಯುವುದಿಲ್ಲವೆಂದು ಅವನೆಂದ. ಇವರು ಒತ್ತಲಿಲ್ಲ. ಹಿಂದೆಮುಂದೆ ನೋಡದೆ ಗೇಟಿನ ಕಂಬಕ್ಕೆ ಏಣಿ ಹಾಕಿ, ಕ್ಯಾಮೆರಾದ ವೈರು ಕಿತ್ತು, ಕಾರ್ಡನ್ನು ಹೊರತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು.

ಅದೇ ವಾರ ಮುನಿರಾಜನ ಟ್ಯಾಕ್ಸಿ ಊರಿನಲ್ಲಿ ಕಾಣಿಸಲಿಲ್ಲ. ಕ್ಲಚ್ಚು ಕೆಟ್ಟಿದೆ, ಅನುಗೊಂಡನಹಳ್ಳಿಯ ಕಡೆ ಸ್ನೇಹಿತನ ಗ್ಯಾರೇಜಿನಲ್ಲಿ ಬಿಟ್ಟಿದ್ದೇನೆ ಎಂದು ಅವನು ಜಗಲಿಯ ಮೇಲೆ ಕೂತು ಅಕ್ಕನಿಗೆ ಹೇಳಿದ್ದನ್ನು ಮೆಟ್ಟಿಲಿಳಿಯುತ್ತಿದ್ದ ನಾನೂ ಕೇಳಿಸಿಕೊಂಡೆ. ಶಶಿರೇಖಮ್ಮ ಕತ್ತನ್ನು ಎಡಕ್ಕೆ ವಾಲಿಸಿ ಕೇಳಿದರು. ಕ್ಷಣಕಾಲ ಸುಮ್ಮನಿದ್ದರು. ಅದಾದ ಮೇಲೆ ಬರಬೇಕಾದ ಮಾತು ಅಂದು ಬರಲಿಲ್ಲ. ಎದ್ದು ಒಳಗೆ ಹೋಗಿ ತಮ್ಮನಿಗೆ ಕಾಫಿ ತಂದುಕೊಟ್ಟರು.

ಮಾರನೆಯ ದಿನ ಮೂರ್ತಿಯ ಹೆಂಡತಿ ಕೀರ್ತನ ಬಂದಳು. ಗೇಟಿನ ಒಳಗೆ ಬರಲಿಲ್ಲ. ಗಂಡ ಅನ್ನ ಬಿಟ್ಟಿದ್ದಾನೆ, ಕಾರ್ಖಾನೆಯವರು ಕೆಲಸಕ್ಕೆ ಬರಬೇಡವೆಂದಿದ್ದಾರೆ, ಪಿಳ್ಳಣ್ಣನ ಮನೆಯವರು ದಾರಿಯಲ್ಲಿ ಸಿಕ್ಕರೆ ಶಾಪ ಹಾಕುತ್ತಾರೆ ಎಂದೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದಳು. ಕೊನೆಗೆ ಕ್ಯಾಮೆರಾ ಇಲ್ಲದ ಖಾಲಿ ಕಂಬವನ್ನು ನೋಡಿ, "ತೆಗ್ದುಬಿಟ್ರಾ ಅಕ್ಕ?" ಎಂದಳು. ಆ ಪ್ರಶ್ನೆಯಲ್ಲಿ ಅಡಗಿದ್ದ ಅನುಮಾನ ಶಶಿರೇಖಮ್ಮನವರಿಗೆ ಅರ್ಥವಾಯಿತೆಂದು ಅವರ ಮುಖವೇ ಹೇಳಿತು.

"ನೋಡೋಕೇ ತೆಗ್ದಿರೋದು ಕಣಮ್ಮ" ಎಂದರು.

ನೋಡುವುದು ಸುಲಭವಿರಲಿಲ್ಲ. ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿದರೆ ಅದರಲ್ಲಿದ್ದುದು ಯಾವುದೂ ತೆರೆದುಕೊಳ್ಳಲಿಲ್ಲ. ಆ ಕ್ಯಾಮೆರಾದ ಮೂಲಕವೇ, ಅದೂ ಹಳೆಯ ಫರ್ಮ್‌ವೇರ್ ಇದ್ದಾಗ ಮಾತ್ರ ತೆರೆಯುವಂತೆ ಬೀಗ ಹಾಕಿಕೊಂಡಿತ್ತು. ಕಂಪನಿಯ ಸಹಾಯವಾಣಿಯ ಹುಡುಗಿ ಹಿಂದಕ್ಕೆ ಹೋಗಲು ಅವಕಾಶವಿಲ್ಲ ಮೇಡಂ ಎಂದು ಹೇಳಿದ್ದನ್ನೇ ಹೇಳಿದಳು. ಗೋಪಾಲಪ್ಪನನ್ನು ಅವನ ಅಂಗಡಿಯಲ್ಲೇ ಹೋಗಿ ಕಂಡೆವು. ಹಿಂದಕ್ಕೆ ಹೋಗುವ ದಾರಿ ಇದೆ, ಆದರೆ ಅಪಾಯದ್ದು ಎಂದು ಅವನು ಒಪ್ಪಿಕೊಂಡ. ಹಳೆಯ ಫರ್ಮ್‌ವೇರನ್ನು ಬೇರೊಂದು ಖಾಲಿ ಕಾರ್ಡಿಗೆ ತುಂಬಿ ಕ್ಯಾಮೆರಾದೊಳಗೆ ಹಾಕಬೇಕು. ತಳದ ಸಣ್ಣ ತೂತಿನಲ್ಲಿರುವ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದೇ ಕರೆಂಟು ಕೊಡಬೇಕು. ಕೆಂಪು ದೀಪ ಮಿನುಗತೊಡಗಿದರೆ ಅದು ಹಳೆಯದನ್ನು ಬರೆದುಕೊಳ್ಳುತ್ತಿದೆಯೆಂದು ಅರ್ಥ. ಅದು ನೀಲಿಯಾಗಿ ನಿಲ್ಲುವವರೆಗೆ ಕರೆಂಟು ಅರೆಕ್ಷಣವೂ ತಪ್ಪಕೂಡದು. ತಪ್ಪಿದರೆ ಕ್ಯಾಮೆರಾ ಸತ್ತಂತೆ, ಬೀಗದ ಕೈ ಅದರೊಳಗೇ ಇರುವುದರಿಂದ ಕಾರ್ಡಿನಲ್ಲಿರುವುದೂ ಸತ್ತಂತೆ. ನೀವೇ ಮಾಡಿಕೊಡಿ ಎಂದು ನಾನು ಕೇಳಿದೆ. ಅವನು ರಸ್ತೆಯ ಕಡೆ ನೋಡುತ್ತ, ತಾನು ಮಾಡಿ ಕೆಟ್ಟರೂ ಕಷ್ಟ, ಸರಿಯಾದರೂ ಕಷ್ಟ ಎಂದು, ಹಳೆಯ ಫರ್ಮ್‌ವೇರ್ ತುಂಬಿದ ಕಾರ್ಡೊಂದನ್ನು ಮಾತ್ರ ಕೈಗಿಟ್ಟ. ಮುನಿರಾಜನ ಸ್ನೇಹಿತರ ವಲಯದಲ್ಲಿ ಅವನೂ ಒಬ್ಬನಾಗಿದ್ದ.

ಕೆಲಸಕ್ಕೆ ಶಶಿರೇಖಮ್ಮ ಆರಿಸಿಕೊಂಡದ್ದು ನನ್ನ ಕೋಣೆಯನ್ನು; ಅಲ್ಲಿ ನನ್ನ ಕಂಪ್ಯೂಟರಿಗೆ ಜೋಡಿಸಿದ್ದ ಹಳೆಯ ಯುಪಿಎಸ್ ಒಂದಿತ್ತು. ಮಧ್ಯಾಹ್ನದ ಊಟವಾಗಿತ್ತು. ಗೋಡೆಯ ಹೊರಗಿನ ಇಂಟರ್ನೆಟ್ ವೈರನ್ನು ಮೊದಲೇ ಕಿತ್ತಿಟ್ಟರು, ಹಳೆಯದಕ್ಕೆ ಮರಳಿದ ಕ್ಯಾಮೆರಾ ಮತ್ತೆ ತಾನಾಗಿ ಹೊಸದನ್ನು ಎಳೆದುಕೊಳ್ಳದಿರಲೆಂದು. ಗೋಪಾಲಪ್ಪ ಕೊಟ್ಟ ಕಾರ್ಡನ್ನು ಕ್ಯಾಮೆರಾದೊಳಗೆ ಹಾಕಿ, ಸೆರಗಿನ ಪಿನ್ನು ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡರು. ತೊಂದರೆಯಾದದ್ದು ಪ್ಲಗ್ಗಿನಲ್ಲಿ. ಕ್ಯಾಮೆರಾದ ಅಡಾಪ್ಟರು ಯುಪಿಎಸ್ಸಿನ ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರಲಿಲ್ಲ, ಬಿಟ್ಟರೆ ಜಾರುತ್ತಿತ್ತು. ಯಾರಾದರೂ ಒತ್ತಿ ಹಿಡಿದಿರಬೇಕಿತ್ತು. ನಾನು ಕೈಚಾಚಿದೆ. ಅಷ್ಟರಲ್ಲಿ ಕೆಳಗೆ ಮುನಿರಾಜನ ದನಿ ಕೇಳಿಸಿತು. ತಾಯಿಯ ಜೊತೆ ತಗ್ಗಿದ ಸ್ವರದಲ್ಲಿ ಏನೋ ಮಾತಾಡುತ್ತಿದ್ದ. ಶಶಿರೇಖಮ್ಮ ಮೆಟ್ಟಿಲ ತಲೆಗೆ ಹೋಗಿ ಕರೆದರು.

"ಮುನಿ, ಮೇಲಕ್ಕೆ ಬಾರೋ. ಇದನ್ನ ಸ್ವಲ್ಪ ಹಿಡ್ಕೋಬೇಕು."

ಅವನು ಬಂದ. ತಾಯಿಯೂ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮೇಜಿನ ಮೇಲಿನ ಕ್ಯಾಮೆರಾ ನೋಡಿ ಮುನಿರಾಜನ ಮುಖದ ನಗು ಇದ್ದಲ್ಲಿಯೇ ಉಳಿದು, ಅದರ ಹಿಂದಿನ ಮನುಷ್ಯ ಮಾತ್ರ ಎಲ್ಲಿಗೋ ಹೋದಂತಾಯಿತು. ಶಶಿರೇಖಮ್ಮ ಅವನಿಗೆ ಎಲ್ಲವನ್ನೂ ವಿವರಿಸಿದರು: ಇದು ಹೀಗೆ, ಕೈ ಬಿಟ್ಟರೆ ಕರೆಂಟು ತಪ್ಪುತ್ತದೆ, ತಪ್ಪಿದರೆ ಇನ್ನು ಯಾರಿಂದಲೂ ನೋಡಲಾಗದು. ವಿವರಿಸುವಾಗ ಅವನ ಮುಖವನ್ನು ನೋಡಲಿಲ್ಲ. ಪ್ಲಗ್ಗನ್ನು ಅವನ ಕೈಗೆ ಕೊಟ್ಟು, ನನಗೆ ದೀಪ ನೋಡುತ್ತಿರಿ ಮೇಷ್ಟ್ರೇ ಎಂದರು. ಪಿನ್ನನ್ನು ತೂತಿಗಿಟ್ಟು ಒತ್ತಿದರು.

ಕೆಂಪು ದೀಪ ಹತ್ತಿತು. ಬಹಳ ಹೊತ್ತು ಹಾಗೆಯೇ ಉರಿದು, ಮಿನುಗತೊಡಗಿತು. ಶಶಿರೇಖಮ್ಮ ಪಿನ್ನು ತೆಗೆದು ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತರು. ವಿಮಾನವೊಂದು ತಾರಸಿಯನ್ನು ನಡುಗಿಸುತ್ತ ಹಾದುಹೋಯಿತು. ಅದರ ಸದ್ದು ಅಡಗುವ ಮುನ್ನವೇ ಫ್ಯಾನು ನಿಧಾನಿಸಿತು; ಊರಿನ ಕರೆಂಟು ಹೋಯಿತು. ಯುಪಿಎಸ್ ಬೀಪ್ ಎಂದು ಕೂಗಿತು, ಸ್ವಲ್ಪ ತಡೆದು ಮತ್ತೆ ಕೂಗಿತು. ಅದರ ಬ್ಯಾಟರಿ ಹಳೆಯದು, ಬಹಳ ಹೊತ್ತು ತಾಳುವುದಿಲ್ಲವೆಂದು ನನಗೆ ಗೊತ್ತಿತ್ತು. ಕೂಗುಗಳ ನಡುವಿನ ಅಂತರ ಕಿರಿದಾಗುತ್ತ ಬಂತು. ದೀಪ ಕೆಂಪಾಗಿಯೇ ಮಿನುಗುತ್ತಿತ್ತು.

ನಾನು ಮುನಿರಾಜನ ಕೈಯನ್ನು ನೋಡಿದೆ. ಸ್ಟೇರಿಂಗ್ ಹಿಡಿದು ಒರಟಾದ ದೊಡ್ಡ ಕೈ. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಕೂದಲೆಳೆಯಷ್ಟು ಸಡಿಲಿಸಿದ್ದರೆ ಸಾಕಿತ್ತು. ಕೈ ಸೋತಿತು ಎಂದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಕರೆಂಟಿನ ಮೇಲೆ ಹಾಕಬಹುದಿತ್ತು, ಕಂಪನಿಯ ಮೇಲೆ ಹಾಕಬಹುದಿತ್ತು. ಬಾಗಿಲಲ್ಲಿ ನಿಂತ ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಬೀಪಿನ ಸದ್ದು ಒಂದೇ ಸಮನೆ ಕೂಗಾಗಿ ಹರಿಯತೊಡಗಿತು. ಮುನಿರಾಜ ಕಣ್ಣು ಮುಚ್ಚಿ, ಇನ್ನೊಂದು ಕೈಯನ್ನೂ ತಂದು ಪ್ಲಗ್ಗಿನ ಮೇಲೆ ಒತ್ತಿದ.

ದೀಪ ನೀಲಿಯಾಯಿತು. ಹೆಚ್ಚು ತಡವಿಲ್ಲದೆ ಯುಪಿಎಸ್ ಸುಮ್ಮನಾಯಿತು, ಕ್ಯಾಮೆರಾವೂ ಆರಿತು. ಆದರೆ ಬರೆಯುವುದು ಮುಗಿದಿತ್ತು.

ಕರೆಂಟು ಮರಳುವವರೆಗೆ ಆ ಕೋಣೆಯಿಂದ ಯಾರೂ ಹೊರಗೆ ಹೋಗಲಿಲ್ಲ. ಬಂದ ಮೇಲೆ ಶಶಿರೇಖಮ್ಮ ಜೇಬಿನಿಂದ ಹಳೆಯ ಕಾರ್ಡನ್ನು ತೆಗೆದು ಒಳಗೆ ಹಾಕಿ, ಫೋನಿನಲ್ಲಿ ಭಾನುವಾರವನ್ನು ಹುಡುಕಿದರು. ಅಳಿಸಲೇ ಎಂಬ ಪ್ರಶ್ನೆ ಈ ಸಲ ಬರಲಿಲ್ಲ. ಮಂಜಿನ ಬೂದು ರಸ್ತೆ ಕಂಡಿತು. ಸೈಕಲ್ಲು ತಿರುವಿಗೆ ಬಂತು. ಹಿಂದಿನಿಂದ ಬಿಳಿ ಕಾರೊಂದು ಬಂದು, ತಡೆದು, ಜಾರಿ, ಬಡಿಯಿತು. ಕ್ಯಾನು ಉರುಳಿ ಹಾಲು ಡಾಂಬರಿನ ಮೇಲೆ ಹರಡಿತು. ಕಾರು ಮುಂದೆ ಹೋಗಿ ನಿಂತಿತು. ಬಾಗಿಲು ತೆರೆದು ಒಬ್ಬ ಇಳಿದ, ಹಿಂದಕ್ಕೆ ನಡೆದು ಬಂದ, ಬಿದ್ದವನ ಹತ್ತಿರ ಬಗ್ಗಿದ, ಎರಡು ಕೈಗಳನ್ನೂ ತಲೆಯ ಮೇಲಿಟ್ಟುಕೊಂಡು ನಿಂತ. ಆಮೇಲೆ ಓಡಿಹೋಗಿ ಕಾರು ಹತ್ತಿದ. ರಸ್ತೆ ಬಹಳ ಹೊತ್ತು ಬರಿದಾಗಿತ್ತು. ಅನಂತರ ಬೈಕೊಂದು ಬಂತು. ಮೂರ್ತಿ ಅದನ್ನು ಹಾಗೆಯೇ ಕೆಡವಿ ಓಡಿಬಂದ, ನೆಲಕ್ಕೆ ಬಡಿದು ದೀಪ ಒಡೆದದ್ದೂ ಕಂಡಿತು.

"ಅಳಿಸ್ಬಿಡು ಕಣೇ ಶಶಿ," ಎಂದರು ಮುನಿವೆಂಕಟಮ್ಮ, "ನಿನ್ ಕಾಲಿಗೆ ಬೀಳ್ತೀನಿ."

ಶಶಿರೇಖಮ್ಮ ತಾಯಿಯ ಕಡೆ ತಿರುಗಲಿಲ್ಲ. ತಮ್ಮನನ್ನು ನೋಡಿದರು. ಅವನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತಿದ್ದ.

"ಉಸಿರಾಡ್ತಿದ್ದ ಅಕ್ಕ," ಎಂದ. "ಬಗ್ಗಿ ನೋಡ್ದೆ. ಉಸಿರಾಡ್ತಿದ್ದ. ಯಾರಾದ್ರೂ ಬರ್ತಾರೆ ಅಂದ್ಕೊಂಡು ಹೋಗ್ಬಿಟ್ಟೆ."

ಆ ಮಾತು ಅವರನ್ನು ಇರಿದಷ್ಟು ಕಾರಿನ ಚಿತ್ರ ಇರಿದಿರಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದರೇನೋ ಎಂಬಂತೆ ಅವನ ಹಣೆಯ ಮೇಲೆ ಕೈಯಿಟ್ಟರು. "ಎದ್ದೇಳು. ಮುಖ ತೊಳ್ಕೊ. ನಾನೂ ಬರ್ತೀನಿ" ಎಂದರು. ಸ್ಕೂಟರಿನ ಮೇಲೆ ಅಕ್ಕ ಮುಂದೆ, ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಮ್ಮ ಹಿಂದೆ, ಹಾಡುಹಗಲಲ್ಲಿ ಊರಿನ ನಡುವಿನಿಂದಲೇ ಠಾಣೆಗೆ ಹೋದರು.

ಮೂರ್ತಿಯ ಮೇಲಿನ ಆಪಾದನೆ ಅಂದೇ ಕಳಚಿತು. ಮುನಿರಾಜ ಕೆಲವು ಕಾಲ ಒಳಗಿದ್ದು ಜಾಮೀನಿನ ಮೇಲೆ ಬಂದ. ಪ್ರಕರಣ ನಡೆಯುತ್ತಲೇ ಇದೆ, ಟ್ಯಾಕ್ಸಿ ಓಡಿಸುವುದನ್ನು ಅವನು ತಾನಾಗಿಯೇ ಬಿಟ್ಟ. ಪಿಳ್ಳಣ್ಣ ಬದುಕಿದ, ಆದರೆ ಸೈಕಲ್ಲು ಹತ್ತಲಾರ, ಆ ಮುಂಜಾನೆಯ ನೆನಪೂ ಅವನಿಗಿಲ್ಲ. ಅವನ ಮೊಮ್ಮಗ ಹಾಲಿನ ಕೆಲಸಕ್ಕೆ ನಿಲ್ಲುವವರೆಗೂ ಶಶಿರೇಖಮ್ಮನೇ ಪಾಳಿಗೆ ಮುಂಚೆ ಅವರ ಮನೆಯ ಕ್ಯಾನನ್ನು ಸ್ಕೂಟರಿನಲ್ಲಿ ಡೈರಿಗೆ ಮುಟ್ಟಿಸುತ್ತಿದ್ದರು. ಪಿಳ್ಳಣ್ಣನ ಹೆಂಡತಿ ಮೊದಮೊದಲು ಕ್ಯಾನನ್ನು ಅವರ ಕೈಗೆ ಕೊಡದೆ ನೆಲದ ಮೇಲಿಡುತ್ತಿದ್ದಳು. ಇವರು ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಮುನಿವೆಂಕಟಮ್ಮ ಬಟ್ಟೆಬರೆ ಕಟ್ಟಿಕೊಂಡು ಮಗನ ಮನೆಗೆ ಹೋದರು. ಊರು ಎಂದಿನಂತೆ ಎರಡಾಯಿತು: ಒಡಹುಟ್ಟಿದವನನ್ನು ಹಿಡಿದುಕೊಟ್ಟಳು ಎಂದವರೇ ಹೆಚ್ಚು. ಕೀರ್ತನ ದಾರಿಯಲ್ಲಿ ಸಿಕ್ಕಾಗ ಏನೋ ಹೇಳಲು ಬಾಯಿ ತೆರೆದು ಹಾಗೆಯೇ ಮುಚ್ಚುತ್ತಿದ್ದಳು. ಇನ್ನೊಂದು ಮನೆಯ ದುಃಖಕ್ಕೆ ಕೃತಜ್ಞತೆ ಹೇಳುವ ಮಾತು ಯಾರ ಬಾಯಲ್ಲಿ ತಾನೇ ಇದೆ.

ಎಷ್ಟೋ ದಿನಗಳ ಮೇಲೆ, ಅನುಮಾನ ಮೊದಲೇ ಇತ್ತೇ, ಇದ್ದರೆ ಅವನ ಕೈಗೇಕೆ ಪ್ಲಗ್ಗು ಕೊಟ್ಟಿರಿ ಎಂದು ನಾನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

"ನೋಡ್ದೆ ಬಿಟ್ಟಿದ್ರೆ ಅವನಿಗೆ ಜನ್ಮಪೂರ್ತಿ ಅನುಮಾನ ಇಟ್ಕೊಂಡೇ ಅನ್ನ ಬಡಿಸ್ಬೇಕಿತ್ತು ಮೇಷ್ಟ್ರೇ. ಅದು ನನ್ ಕೈಲಿ ಆಗ್ತಿರ್ಲಿಲ್ಲ. ಅವನ್ ಕೈಗೆ ಯಾಕ್ ಕೊಟ್ಟೆ ಅಂದ್ರೆ... ಬಿಡಲ್ಲ ಅಂತ ನಂಬಿದ್ದೆ."

ನಿಜವನ್ನು ನೋಡಿಯೇ ತೀರುತ್ತೇನೆನ್ನುವವರನ್ನು ಲೋಕ ಕಲ್ಲೆದೆಯವರೆಂದು ಕರೆಯುತ್ತದೆ. ನನಗೆ ಕಂಡಂತೆ ಅವರ ಮಮತೆ ನಮ್ಮ ಮಮತೆಗಿಂತ ಕಡಿಮೆಯದಲ್ಲ. ತಮ್ಮವರನ್ನು ಅರೆಕತ್ತಲಲ್ಲಿ ನಿಲ್ಲಿಸಿ ಪ್ರೀತಿಸುವ ಉಪಾಯ ಮಾತ್ರ ಅವರಿಗೆ ಒಗ್ಗದು. ಹೀಗಾಗಿ ಅವರ ಮನೆಗಳಲ್ಲಿ ಊಟದ ಎಲೆಗಳು ಕಡಿಮೆಯಾಗುತ್ತವೆ, ಹಬ್ಬಗಳು ಸಣ್ಣವಾಗುತ್ತವೆ, ಅವರ ಬಾಗಿಲಿಗೆ ಬರುವವರು ಒಂದು ಕ್ಷಣ ಅಳುಕಿ ನಿಲ್ಲುತ್ತಾರೆ. ಅಂಥವರ ಮಗ್ಗುಲಲ್ಲಿ ಬದುಕಲು ನಮ್ಮಲ್ಲಿ ಬಹುಮಂದಿಗೆ ಧೈರ್ಯ ಸಾಲದು. ಆದರೆ ಅಂಥವರು ಒಬ್ಬರೂ ಇಲ್ಲದ ಊರಿನಲ್ಲಿ, ರಸ್ತೆಯ ಮೇಲೆ ಬಿದ್ದ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುವ ಧೈರ್ಯ ಯಾರಿಗೂ ಬಾರದು.